ತಿಪ್ಪೆಯ ಕಾಗದ, ರದ್ದಿಯ ಕಾಗದ

ಮಾನ್ಯ ಸಂಪಾದಕರಿಗೆ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಈಜಿಪ್ಟಿನ ಗ್ರೀಕ್ ಪಪೈರಸ್ (ಗಿಡದ ಕಾಂಡದಿಂದ ಮಾಡಿದ ಹಾಳೆ) ಹಸ್ತಪ್ರತಿಗಳ ಬಗ್ಗೆ ಬಂದ ಲೇಖನ ಓದಿದೆವು. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಕೊಟ್ಟದ್ದು ಸಂತೋಷದ ಸಂಗತಿ. ಆದರೆ ಲೇಖನದ ಮುಕ್ಕಾಲು ಪಾಲು ಚಾರಿಷನ್ ಪ್ರಹಸನಕ್ಕೇ ಹೋಗಿದೆ. ಭಾರತದ ಕರಾವಳಿಯಲ್ಲಿ ಸೆರೆಯಾದ ಗ್ರೀಕ್ ಹೆಣ್ಣುಮಗಳ ಕಥೆಯದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆ ಊರಿನಲ್ಲಿ ಸಿಕ್ಕ ಪಪೈರಸ್‌ಗಳನ್ನು ಅಚ್ಚು ಮಾಡುವ ಆಕ್ಸಿರಿಂಕಸ್ ಸಂಪುಟಗಳಿವೆ, 1903ರಲ್ಲಿ ಅವುಗಳ ಮೂರನೆಯದರಲ್ಲಿ ಇದು 413ನೇ ಸಂಖ್ಯೆಯಾಗಿ ಅಚ್ಚಾಯಿತು. ಅದರೊಳಗಿನ ಪರಭಾಷೆಯ ಮಾತು ಕನ್ನಡವೇ ಇರಬೇಕೆಂದು ಮರುವರ್ಷವೇ ಶಾಸನತಜ್ಞ ಹುಲ್ಷ್ ಬರೆದರು. ಮುಂದೆ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಆ ಜಾಡು ಹಿಡಿದರು. ತುಳು ಎಂದವರಿದ್ದಾರೆ, ನಗಿಸಲು ಕೂಡಿಸಿದ ಬರೀ ಸದ್ದು ಎಂದವರೂ ಇದ್ದಾರೆ. ಆ ಚರ್ಚೆ ನಡೆಯಲಿ, ನಮ್ಮ ತಕರಾರಿಲ್ಲ. ನಮ್ಮ ತಕರಾರು ಬೇರೆ. ಅದೇ ಊರಿನ ನೆಲದಿಂದ ಬಂದ ಸುಮಾರು 5 ಲಕ್ಷ ತುಣುಕುಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ನಾಟಕವೂ ಅಲ್ಲ, ಕಾವ್ಯವೂ ಅಲ್ಲ. ಪಾವತಿ, ಸಾಲದ ಪತ್ರ, ಹೊಲದ ಲಾವಣಿ (ಗುತ್ತಿಗೆ) ಕರಾರು, ಅಣ್ಣತಮ್ಮಂದಿರ ವಾಟ್ನಿ (ಆಸ್ತಿಯ ಪಾಲು), ತೆರಿಗೆ ಪಟ್ಟಿ, ಮದುವೆ ಕರೆಯೋಲೆ, ಮಗ ಅಪ್ಪನಿಗೆ ಬರೆದ ಸಿಟ್ಟಿನ ಪತ್ರ, ಇಂಥವೇ ಎಲ್ಲ. ಕನ್ನಡದಲ್ಲಿ ಆಕ್ಸಿರಿಂಕಸ್ ಎಂದರೆ ಆ ಪ್ರಹಸನ ಒಂದೇ ಎಂಬಂತಾಗಿರುವುದರಿಂದ ನಮಗೊಂದು ನಷ್ಟವಾಗುತ್ತಿದೆ. ಅದನ್ನು ಹೇಳಲು ಈ ಪತ್ರ.

ಮೊದಲು ಒಂದು ತಿದ್ದುಪಡಿ. ಲೇಖನದಲ್ಲಿ ಆ ಜಾಗವನ್ನು ‘ಪ್ರಾಚೀನ ಗ್ರಂಥಾಲಯ’ ಎಂದಿದೆ. ಅದು ತಿಪ್ಪೆ. ಕೈರೋದಿಂದ ಸುಮಾರು 160 ಕಿ.ಮೀ. ದಕ್ಷಿಣಕ್ಕೆ, ಇಂದಿನ ಅಲ್ ಬಹ್ನಸಾ ಊರಿನ ಅಂಚಿನಲ್ಲಿ, ಶತಮಾನಗಳ ಕಾಲ ಬುಟ್ಟಿಗಟ್ಟಲೆ ತಂದು ಸುರಿದ ಕಸದ ದಿಬ್ಬಗಳು. ಆಕ್ಸ್‌ಫರ್ಡಿನ ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ 1896-97ರ ಚಳಿಗಾಲದಲ್ಲಿ ಅಲ್ಲಿ ಅಗೆತ ಶುರು ಮಾಡಿದರು, ಆಮೇಲೆ 1903ರಿಂದ 1907ರವರೆಗೆ ಮತ್ತೆ ಅಗೆದರು. ದಿಬ್ಬದ ಎಲ್ಲ ಮಣ್ಣಿನಲ್ಲೂ ಕಾಗದ ಸಿಗುತ್ತಿರಲಿಲ್ಲ. ಹುಲ್ಲು, ಕಡ್ಡಿ ಬೆರೆತ ಒಂದು ಬಗೆಯ ಪದರಕ್ಕೆ ಅಲ್ಲಿನ ಕೂಲಿಕಾರರು ‘ಅಫ್ಶ್’ ಎನ್ನುತ್ತಿದ್ದರು. ಅದು ಕಂಡರೆ ಕಾಗದ ಬಂತೆಂದೇ ಲೆಕ್ಕ. ತೀರ ಸಡಿಲವಾದ ಕಸದಲ್ಲಾಗಲಿ, ಗಟ್ಟಿ ಮಣ್ಣಿನಲ್ಲಾಗಲಿ ಏನೂ ಉಳಿದಿರುತ್ತಿರಲಿಲ್ಲ. ಸಿಕ್ಕಿದ್ದಕ್ಕೆ ಕೂಲಿಯ ಮೇಲೆ ಇನಾಮು ಕೊಡುತ್ತಿದ್ದರು. ಇಲ್ಲದಿದ್ದರೆ ಒಳ್ಳೆಯ ತುಣುಕು ಸಂಜೆ ವ್ಯಾಪಾರಿಯ ಕೈ ಸೇರುತ್ತಿತ್ತು. ಹೀಗೆ ಕೂಡಿದ್ದು ತಗಡಿನ ಡಬ್ಬಿಗಳಲ್ಲಿ ತುಂಬಿ ಇಂಗ್ಲೆಂಡಿಗೆ ಹೋಯಿತು. 1898ರಲ್ಲಿ ಮೊದಲ ಸಂಪುಟ ಬಂತು, ಈಗ 80 ದಾಟಿದೆ. ಓದಿ ಮುಗಿದದ್ದು ಇನ್ನೂ ಸಣ್ಣ ಪಾಲೇ.

ಕಾಗದ ಉಳಿದದ್ದಕ್ಕೆ ಒಂದೇ ಕಾರಣ, ಒಣ ಹವೆ. ಮಳೆಯಿಲ್ಲ, ಜಾಗ ನೈಲ್ ನದಿಯ ನೆರೆಗೆ ಸಿಗದಷ್ಟು ಎತ್ತರ. ಅಷ್ಟು ದೊಡ್ಡ ಅಲೆಕ್ಸಾಂಡ್ರಿಯಾ ನಗರದ ಸ್ವಂತ ನೆಲದಿಂದ ಹೆಚ್ಚುಕಡಿಮೆ ಒಂದೂ ಪಪೈರಸ್ ಬಂದಿಲ್ಲ, ಅಲ್ಲಿ ನೆಲ ತೇವ. ಬರೀ ಒದ್ದೆಗಿಂತಲೂ ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುವುದು ನಾರನ್ನು ಬೇಗ ಕೊಲ್ಲುತ್ತದೆ. ನೀರಾವರಿ ಹೆಚ್ಚಿ ಅಂತರ್ಜಲ ಏರಿದ ಕಡೆ ದಿಬ್ಬದ ಕೆಳಪದರ ಕರಗಿಹೋಯಿತು. ಹೊಲಕ್ಕೆ ಗೊಬ್ಬರವೆಂದು ರೈತರು ಹಳೆ ದಿಬ್ಬದ ಮಣ್ಣು ಹೇರಿ ಒಯ್ಯುವಾಗ ಎಷ್ಟೋ ನಾಶವಾಯಿತು, ಎಷ್ಟೋ ಬೆಳಕಿಗೂ ಬಂತು. ಕ್ರಿ.ಪೂ. ಮೂರನೇ ಶತಮಾನದ ಝೆನೋನ್ ಎಂಬ ಕಾರಭಾರಿಯ ಸುಮಾರು 2000 ಕಾಗದಗಳ ದಫ್ತರ ಸಿಕ್ಕಿದ್ದು ಇಂಥ ಮಣ್ಣು ಅಗೆಯುವವರಿಗೇ. ಅವರು ಅದನ್ನು ತುಂಡುತುಂಡಾಗಿ ಮಾರಿದ್ದರಿಂದ ಒಂದೇ ದಫ್ತರ ಇವತ್ತು ಕೈರೋ, ಫ್ಲಾರೆನ್ಸ್, ಲಂಡನ್, ಮಿಶಿಗನ್, ನ್ಯೂಯಾರ್ಕ್‌ಗಳಲ್ಲಿ ಹಂಚಿಹೋಗಿದೆ. ಒಂದು ಪತ್ರಕ್ಕೆ ಬಂದ ಉತ್ತರ ಹುಡುಕಲು ಎರಡು ಖಂಡ ತಡಕಬೇಕು.

ಪಪೈರಸ್ ಹಾಳೆಯ ತಯಾರಿಕೆಯನ್ನೂ ಲೇಖನ ‘ಎಲೆಯಿಂದ ಮಾಡಿದ್ದು’ ಎಂದು ಹೇಳಿ ಮುಗಿಸಿದೆ. ಎಲೆಯಲ್ಲ, ಕಾಂಡ. ನಮ್ಮ ಹೊಲದ ಜೇಕಿನ ಕುಲದ್ದೇ ಗಿಡ, ಆದರೆ ಆಳೆತ್ತರ ಮೀರಿ 4-5 ಮೀಟರ್ ಬೆಳೆಯುತ್ತದೆ. ಜೇಕಿನಂತೆಯೇ ಮೂರು ಮೂಲೆಯ ಕಾಂಡ. ಹಸಿ ಕಾಂಡದ ಸಿಪ್ಪೆ ಸುಲಿದು, ಒಳಗಿನ ಬಿಳಿ ತಿರುಳನ್ನು ತೆಳ್ಳಗೆ ಉದ್ದುದ್ದ ಪಟ್ಟಿಯಾಗಿ ಸೀಳುತ್ತಾರೆ. ತೇವ ಮಾಡಿದ ಹಲಗೆಯ ಮೇಲೆ ಒಂದು ಸಾಲು ಉದ್ದಕ್ಕೆ, ಅದರ ಮೇಲೆ ಇನ್ನೊಂದು ಸಾಲು ಅಡ್ಡಕ್ಕೆ ಹಾಸಿ, ಒತ್ತಿ, ಬಿಸಿಲಿಗೆ ಒಣಗಿಸುತ್ತಾರೆ. ಕಾಂಡ ಹಸಿಯಾಗಿದ್ದರೆ ಅದರ ರಸವೇ ಎರಡು ಪದರ ಹಿಡಿಸುತ್ತದೆ, ಬಾಡಿದ ಕಾಂಡ ಹಿಡಿಯುವುದಿಲ್ಲ. ಪಟ್ಟಿ ಒಂದು ದಪ್ಪ ಒಂದು ತೆಳು ಆದರೆ ಒಣಗುವಾಗ ಹಾಳೆ ಸೊಟ್ಟಗಾಗುತ್ತದೆ. ತೇವ ಉಳಿದರೆ ಬೂಸ್ಟು. ಆಮೇಲೆ ದಂತ ಅಥವಾ ಚಿಪ್ಪಿನಿಂದ ಉಜ್ಜಿ ನಯ ಮಾಡುತ್ತಾರೆ. ಅತಿಯಾಗಿ ಉಜ್ಜಿದರೆ ಹೊಳಪು ಬರುತ್ತದೆ, ಮಸಿ ಹಿಡಿಯುವುದಿಲ್ಲ ಎಂದು ರೋಮನ್ ಲೇಖಕ ಪ್ಲೀನಿ ಎಚ್ಚರಿಸಿದ್ದಾನೆ. ಹಾಳೆಗೆ ಹಾಳೆ ಅಂಟಿಸಲು ನಯವಾದ ಹಿಟ್ಟನ್ನು ಕುದಿನೀರಿನಲ್ಲಿ ಕಲಸಿ ತುಸು ವಿನಿಗರ್ ಹಾಕಿದ ಅಂಟು. ಒಂದು ಸುರುಳಿಗೆ 20 ಹಾಳೆ, ಅಂದರೆ 3 ಮೀಟರಿಗೂ ಹೆಚ್ಚು. ಎಡಹಾಳೆಯ ಅಂಚು ಬಲಹಾಳೆಯ ಮೇಲೆ ಬರುವಂತೆ ಅಂಟಿಸುತ್ತಿದ್ದರು. ಎಡದಿಂದ ಬಲಕ್ಕೆ ಬರೆಯುವ ಲೇಖಣಿ ಆಗ ಅಂಚಿಗೆ ಎಡವದೆ ಕೆಳಗಿಳಿಯುತ್ತದೆ. ಲೇಖಣಿ ಜೊಂಡಿನದು, ಮಸಿ ದೀಪದ ಕಾಡಿಗೆ ಮತ್ತು ಗೋಂದಿನದು.

ಇನ್ನು ಅದರಲ್ಲಿ ಏನಿದೆ ಎಂಬುದು. ಕ್ರಿ.ಶ. ಎರಡನೇ ಶತಮಾನದ ಒಂದು ಪತ್ರ, ಆಕ್ಸಿರಿಂಕಸ್ ಸಂಪುಟಗಳಲ್ಲಿ ಸಂಖ್ಯೆ 3313. ಅಪೊಲೋನಿಯಸ್ ಮತ್ತು ಸರಪಿಯಾಸ್ ಇಬ್ಬರೂ ಸೇರಿ ಡಯೊನಿಸಿಯಾ ಎಂಬ ಗೆಳತಿಗೆ ಬರೆದದ್ದು. ಅವಳ ಮನೆಯಲ್ಲಿ ಸರಪಿಯೋನನ ಮದುವೆ. ಸುದ್ದಿ ಕೇಳಿ ಬಹಳ ಸಂತೋಷವಾಯಿತು, ಕೋರ್ಟಿನ ಕೆಲಸ ಬಂತು, ಮೈಗೂ ಹುಷಾರಿರಲಿಲ್ಲ, ಬರಲಾಗಲಿಲ್ಲ ಎನ್ನುತ್ತಾರೆ. ಗುಲಾಬಿ ಇಲ್ಲಿ ಇನ್ನೂ ಸರಿಯಾಗಿ ಅರಳಿಲ್ಲ, ಎಲ್ಲ ತೋಟಗಳಲ್ಲಿ, ಎಲ್ಲ ಹೂಮಾಲೆಯವರ ಹತ್ತಿರ ತಿರುಗಿ ನಾಳೆ ಕೀಳಬೇಕಾದದ್ದನ್ನೂ ಇವತ್ತೇ ಕೀಳಿಸಿ ಕಷ್ಟಪಟ್ಟು 1000 ಕೂಡಿಸಿದೆವು. ನರ್ಗಿಸ್ ಬೇಕಾದಷ್ಟಿತ್ತು, ನೀನು ಕೇಳಿದ 2000ಕ್ಕೆ 4000 ಕಳಿಸಿದ್ದೇವೆ. ಹಣ ಕಳಿಸಿದ್ದೇನೆಂದು ನೀನು ಬರೆದೆಯಲ್ಲ, ನಮ್ಮನ್ನು ಅಷ್ಟು ಜಿಪುಣರೆಂದು ತಿಳಿದೆಯಾ, ಆ ಮಕ್ಕಳು ನಮ್ಮ ಮಕ್ಕಳೂ ಅಲ್ಲವೇ? ಒಂದೇ ಹಾಳೆಯಲ್ಲಿ ಹೂವಿನ ಹಂಗಾಮು, ಪೂರೈಕೆ, ಸಾಗಣೆ, ಸ್ನೇಹದ ಲೆಕ್ಕಾಚಾರ ಎಲ್ಲ ಇವೆ. ಯಾವ ಇತಿಹಾಸಕಾರನೂ ಇದನ್ನು ಬರೆದಿಡುತ್ತಿರಲಿಲ್ಲ.

ಬೆಳಗಾವಿ, ಬಾಗಲಕೋಟೆ ಕಡೆಯ ಕುಸ್ತಿ ಪ್ರಿಯರಿಗೆ 5209ನೇ ಸಂಖ್ಯೆ ತೋರಿಸಬೇಕು. ಕ್ರಿ.ಶ. 267ರ ಕರಾರು. ಈಜಿಪ್ಟಿನದೇ ಅಂಟಿನೊಪೊಲಿಸ್ ನಗರದ ಕ್ರೀಡೆಗಳಲ್ಲಿ ಹುಡುಗರ ಕುಸ್ತಿಯ ಕೊನೆಯ ಪಂದ್ಯ. ಗೆಲ್ಲಬೇಕಾದವನ ತಂದೆಗೂ ಸೋಲಬೇಕಾದವನ ಜಾಮೀನುದಾರರಿಗೂ ಒಪ್ಪಂದ: ಡಿಮಿಟ್ರಿಯಸ್ ಮೂರು ಸಲ ಬಿದ್ದು ಸೋಲೊಪ್ಪಬೇಕು, ಅದಕ್ಕೆ 3800 ದ್ರಾಖ್ಮಾ (ಆಗಿನ ಹಣ). ಮಾತಿಗೆ ತಪ್ಪಿದರೆ ದಂಡ 3 ಟ್ಯಾಲೆಂಟ್, ಅಂದರೆ 18,000 ದ್ರಾಖ್ಮಾ. ಮೋಸದ ಒಪ್ಪಂದವನ್ನೂ ಬರೆದಿಟ್ಟುಕೊಳ್ಳುವಷ್ಟು ಕಾಗದದ ರೂಢಿ ಆ ಸಮಾಜಕ್ಕಿತ್ತು.

ಇಂಥ ಹಾಳೆಗಳಲ್ಲಿ ಇರುವುದೆಲ್ಲ ಹಿತವಾದದ್ದೇ ಅಲ್ಲ. ಕ್ರಿ.ಪೂ. 1ರ ಜೂನ್ 17ರಂದು ದುಡಿಯಲು ಅಲೆಕ್ಸಾಂಡ್ರಿಯಾಕ್ಕೆ ಹೋದ ಹಿಲೇರಿಯನ್ ಊರಲ್ಲಿದ್ದ ಬಸುರಿ ಹೆಂಡತಿ ಆಲಿಸ್‌ಗೆ ಬರೆದ ಪತ್ರ 744ನೆಯದು. ಕೂಸನ್ನು ಜೋಪಾನ ಮಾಡು, ಪಗಾರ ಕೈಗೆ ಬಂದ ಕೂಡಲೇ ಕಳಿಸುತ್ತೇನೆ, ಹೆತ್ತರೆ ಗಂಡಾದರೆ ಇರಲಿ, ಹೆಣ್ಣಾದರೆ ಹೊರಗೆ ಹಾಕಿಬಿಡು. ಮುಂದಿನ ಸಾಲು: ‘ನನ್ನ ಮರೀಬೇಡ’ ಎಂದು ಹೇಳಿ ಕಳಿಸಿದೆಯಂತೆ, ನಿನ್ನ ಹ್ಯಾಂಗ ಮರೀಲಿ? ಈ ಎರಡು ಸಾಲು ಒಂದೇ ಕೈಯಿಂದ ಒಂದೇ ಉಸಿರಿನಲ್ಲಿ ಬಂದಿವೆ. ಓದಿದವರು ಎರಡನ್ನೂ ಒಟ್ಟಿಗೇ ಹಿಡಿದುಕೊಳ್ಳಬೇಕು.

ಕರಾರುಗಳ ಕೊನೆಯಲ್ಲಿ ‘ಇವನಿಗೆ ಅಕ್ಷರ ಬಾರದ್ದರಿಂದ ನಾನು ಬರೆದಿದ್ದೇನೆ’ ಎಂಬ ಸಾಲು ಸಾಮಾನ್ಯ, ನಮ್ಮ ಪತ್ರಗಳಲ್ಲಿ ಬಿಕ್ಕಲಂ (ಬರೆದುಕೊಟ್ಟವನ ಹೆಸರು) ಬರುವ ಜಾಗ. ಆಸಾಮಿಯನ್ನು ಗುರುತಿಸಲು ವಯಸ್ಸು ಮತ್ತು ಗಾಯದ ಕಲೆ: ಸುಮಾರು ನಲವತ್ತು, ಎಡಗಾಲ ಮೊಳಕಾಲ ಕೆಳಗೆ ಕಲೆ. ಸಾಲ ತೀರಿದರೆ ಪತ್ರದ ಮೇಲೆ ಅಡ್ಡಡ್ಡ ಗೀರು ಎಳೆದು ರದ್ದು ಮಾಡುತ್ತಿದ್ದರು. ಶೀಘ್ರಲಿಪಿ ಕಲಿಸಲು ಗುರುವಿಗೆ ಕ್ರಿ.ಶ. 155ರಲ್ಲಿ ಮಾತಾಡಿದ ಫೀ 120 ದ್ರಾಖ್ಮಾ, ಮೂರು ಕಂತು: ಆರಂಭಕ್ಕೆ 40, ಪಠ್ಯ ಪೂರ್ತಿ ಕಲಿತ ಮೇಲೆ 40, ತಡೆಯಿಲ್ಲದೆ ಬರೆದು ಓದಿದರೆ ಕೊನೆಯ 40. ರೋಮನ್ ಆಳ್ವಿಕೆಯಲ್ಲಿ 14 ವರ್ಷಕ್ಕೊಮ್ಮೆ ನಡೆದ ಜನಗಣತಿಯ ಮನೆಪಟ್ಟಿಗಳು ಸುಮಾರು 300 ಉಳಿದಿವೆ. ಒಂದೊಂದಾಗಿ ಓದಿದರೆ ಬೇಸರ, ಒಟ್ಟುಹಾಕಿದರೆ ಮದುವೆಯ ವಯಸ್ಸು, ಮನೆಯ ಗಾತ್ರ, ಆಯುಷ್ಯ ಎಲ್ಲ ತಿಳಿಯುತ್ತವೆ. ಹುಟ್ಟಿದ ಮಗುವಿನ ಸರಾಸರಿ ಆಯುಷ್ಯ 20ರಿಂದ 25 ವರ್ಷದ ಆಸುಪಾಸು ಎಂಬ ಅಂದಾಜು ಬಂದದ್ದು ಇವುಗಳಿಂದ.

ಲೆಕ್ಕದ ಹಾಳೆಯನ್ನು ಕೀಳಾಗಿ ಕಾಣುವವರಿಗೆ ಬ್ರಿಟಿಷ್ ಮ್ಯೂಸಿಯಂ ಕೊಂಡ ಕೆಲವು ಪಪೈರಸ್ ಸುರುಳಿಗಳೇ ಉತ್ತರ. ಅರಿಸ್ಟಾಟಲನ ಹೆಸರಿನಲ್ಲಿರುವ ‘ಅಥೆನ್ಸಿನ ಸಂವಿಧಾನ’ ಕಳೆದೇಹೋಗಿತ್ತು. 1891ರಲ್ಲಿ ಅದು ಅಚ್ಚಾದದ್ದು ಈ ಸುರುಳಿಗಳಿಂದ. ಆ ಗ್ರಂಥ ಇರುವುದು ಹಿಂಬದಿಯಲ್ಲಿ. ಮುಂಬದಿಯಲ್ಲಿ ಇರುವುದು ಎಪಿಮಾಖಸ್ ಎಂಬ ಜಮೀನುದಾರನ ಹೊಲದ ಜಮಾಖರ್ಚು, ಅವನ ಕಾರಭಾರಿ ಡಿಡಿಮಸ್ ಕ್ರಿ.ಶ. 78-79ರಲ್ಲಿ ಬರೆದದ್ದು. ಲೆಕ್ಕದಲ್ಲಿ ಇಸವಿ ಇದ್ದುದರಿಂದ ಗ್ರಂಥದ ನಕಲು ಅದರ ಆಮೇಲಿನದೆಂದು ತಿಳಿಯಿತು. ಕೂಲಿಯ ಲೆಕ್ಕ ಗ್ರಂಥವನ್ನೂ ಉಳಿಸಿತು, ಅದರ ಕಾಲವನ್ನೂ ಹೇಳಿತು.

ಓದುವ ಕೆಲಸ ಹೇಗೆಂದರೆ, ಮುದುಡಿದ ತುಣುಕನ್ನು ಒಣಗಿದ್ದಂತೆಯೇ ಬಿಡಿಸಲು ಹೋದರೆ ಮಡಿಕೆಯಲ್ಲೇ ಮುರಿಯುತ್ತದೆ. ತೇವದ ಬ್ಲಾಟಿಂಗ್ ಕಾಗದದ ನಡುವೆ ಇಟ್ಟು ಮೆತ್ತಗಾದ ಮೇಲೆ ಚಿಮಟ ಮತ್ತು ಮೆತ್ತನೆ ಕುಂಚದಿಂದ ಬಿಡಿಸಬೇಕು. ಕೆಳಗಿನಿಂದ ಬೆಳಕು ಬಿಟ್ಟು ನಾರಿಗೆ ನಾರು ಕೂಡಿಸಬೇಕು. ಒಂದು ನಾರು ಅರ್ಧ ಮಿಲಿಮೀಟರ್ ಸರಿದರೂ ಒಂದು ಅಕ್ಷರ ಇನ್ನೊಂದಾಗಿ ಕಾಣುತ್ತದೆ. ಕಾಡಿಗೆ ಮಸಿ ನಾರಿನೊಳಗೆ ಇಳಿದಿರುವುದಿಲ್ಲ, ಮೇಲೆ ಕೂತಿರುತ್ತದೆ, ಉಜ್ಜಿದರೆ ಮಣ್ಣಿನ ಜೊತೆ ಅಕ್ಷರವೂ ಹೋಗುತ್ತದೆ. ಹಾಳೆ ಕಪ್ಪಾಗಿದ್ದರೆ ಅವಕೆಂಪು ಬೆಳಕಿನ ಫೋಟೋದಲ್ಲಿ ಮಸಿ ಎದ್ದು ಕಾಣುತ್ತದೆ. ಕೊನೆಗೆ ಎರಡು ಗಾಜಿನ ನಡುವೆ ಇಟ್ಟು ಅಂಚು ಮುಚ್ಚುತ್ತಾರೆ. ಅಚ್ಚಿಗೆ ಕೊಡುವಾಗ 1931ರಲ್ಲಿ ಲೈಡನ್‌ನಲ್ಲಿ ಒಪ್ಪಿಕೊಂಡ ಗುರುತುಗಳನ್ನು ಬಳಸುತ್ತಾರೆ: ಹರಿದುಹೋದದ್ದು ಚೌಕ ಆವರಣದಲ್ಲಿ, ಅನುಮಾನದ ಅಕ್ಷರದ ಕೆಳಗೆ ಚುಕ್ಕೆ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದು ಓದುಗನಿಗೆ ಗೊತ್ತಾಗಲೇಬೇಕು. ಚಾರಿಷನ್ ಪ್ರಹಸನದ ಕನ್ನಡದ ಬಗ್ಗೆ ಬರೆಯುವವರೂ ಈ ಚುಕ್ಕೆ, ಆವರಣಗಳನ್ನು ಬಿಡದೆ ಅಚ್ಚು ಮಾಡಿಸಿದರೆ ಅರ್ಧ ಜಗಳ ತಾನಾಗಿಯೇ ತಣ್ಣಗಾಗುತ್ತದೆ.

ಈಗ ನಮ್ಮ ಕಡೆಗೆ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಕುಳಿತು ಮನೆಮನೆಯ ತಾಡೋಲೆ ಕೂಡಿಸಿದ್ದರಿಂದ ವಚನಗಳು ಉಳಿದವು. ಆ ಋಣ ಎಲ್ಲರಿಗೂ ಗೊತ್ತು, ಇವತ್ತಿಗೂ ಯಾರ ಮನೆಯಲ್ಲಾದರೂ ತಾಡೋಲೆ ಸಿಕ್ಕರೆ ಅದಕ್ಕೆ ಮರ್ಯಾದೆ ಇದೆ. ಆದರೆ ಅದೇ ಮನೆಯ ಮಾಡದಲ್ಲಿ, ಅಟ್ಟದ ಮೇಲೆ, ಜಂತಿಗೆ ಕಟ್ಟಿದ ಗಂಟಿನಲ್ಲಿ ಇರುವ ಕಿರ್ದಿ, ಖಾತೆ, ಗಹಾಣ (ಅಡವು) ಪತ್ರ, ಕುಲಕರ್ಣಿ ದಫ್ತರದ ಮೋಡಿ ಎಂಬ ಹಳೆ ಓಡುಬರಹದ ಕಾಗದ, ಅಡತಿ ಅಂಗಡಿಯ ಹತ್ತಿಯ ಲೆಕ್ಕ, ದುಡಿಯಲು ಹೋದವರು ಬರೆದ ಇನ್‌ಲ್ಯಾಂಡ್ ಪತ್ರ, ಇವಕ್ಕೆ ಮರ್ಯಾದೆ ಇಲ್ಲ. ಮನೆ ಕೆಡವುವಾಗ, ವಾಟ್ನಿ ಆಗುವಾಗ, ಮುಳುಗಡೆಯ ಊರು ಬಿಟ್ಟು ಹೊಸ ಜಾಗಕ್ಕೆ ಸಾಮಾನು ಸಾಗಿಸುವಾಗ ಮೊದಲು ಹೊರಗೆ ಬೀಳುವುದು ಇವೇ. ಇವುಗಳನ್ನು ಕಿಲೋ ಲೆಕ್ಕದಲ್ಲಿ ರದ್ದಿಗೆ ಹಾಕುತ್ತಾರೆ. ನೂರು ವರ್ಷದ ಹಿಂದೆ ಇಂಡಿಯಲ್ಲೋ ಹುನಗುಂದದಲ್ಲೋ ಬಿಳಿಜೋಳ ಯಾವ ಧಾರಣೆಗೆ ಮಾರಿತು, ಬರದ ವರ್ಷ ಯಾರು ಯಾರ ಹತ್ತಿರ ಎಷ್ಟು ಬಡ್ಡಿಗೆ ತಂದರು, ಹೆಣ್ಣುಮಕ್ಕಳ ಹೆಸರಿನಲ್ಲಿ ಎಷ್ಟು ಆಸ್ತಿ ಇತ್ತು ಎಂಬುದನ್ನು ಬೇರೆಲ್ಲಿ ಹುಡುಕಬೇಕು?

ಆದ್ದರಿಂದ ಓದುಗರಿಗೆ ಕೆಲವು ಖಚಿತ ಮಾತು. ಗಂಟು ಬಿಚ್ಚುವ ಮೊದಲು ಅದು ಇದ್ದಂತೆಯೇ ಒಂದು ಫೋಟೋ ತೆಗೆಯಿರಿ. ಯಾವ ಮನೆ, ಯಾವ ಜಾಗ, ಯಾವುದರ ಜೊತೆಗಿತ್ತು ಎಂದು ಬೇರೆ ಚೀಟಿಯಲ್ಲಿ ಬರೆದಿಡಿ. ಝೆನೋನನ ದಫ್ತರಕ್ಕಾದ ಗತಿ ನಮ್ಮ ದಫ್ತರಗಳಿಗೆ ಆಗಬಾರದು. ‘ಉಪಯೋಗದ್ದು’ ಎಂದು ಖರೀದಿ ಪತ್ರ ಇಟ್ಟುಕೊಂಡು ಉಳಿದದ್ದನ್ನು ಎಸೆಯುವುದು ದೊಡ್ಡ ತಪ್ಪು. ಕ್ರಮ ಮತ್ತು ಜೊತೆಯೇ ಅರ್ಧ ಮಾಹಿತಿ. ಗುರುತು ಹಾಕುವುದಿದ್ದರೆ ಮೆತ್ತನೆ ಪೆನ್ಸಿಲ್ಲಿನಲ್ಲಿ, ಹಿಂಬದಿಯ ಮೂಲೆಯಲ್ಲಿ. ಬಾಲ್‌ಪೆನ್ ಬೇಡವೇ ಬೇಡ.

ಲ್ಯಾಮಿನೇಷನ್ ಮಾಡಿಸಬೇಡಿ. ಹೆಚ್ಚಿನ ಹಾನಿ ಆಗುತ್ತಿರುವುದು ಒಳ್ಳೆಯ ಮನಸ್ಸಿನಿಂದ ಮಾಡಿದ ಈ ಕೆಲಸದಿಂದ. ಬಿಸಿಗೆ ಪ್ಲಾಸ್ಟಿಕ್ ಕರಗಿ ಕಾಗದದ ನಾರಿನೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲಾಗುವುದಿಲ್ಲ, ಒಳಗಿನ ಆಮ್ಲ ಕಾಗದವನ್ನು ತಿನ್ನುತ್ತಲೇ ಇರುತ್ತದೆ. ಸೆಲ್ಲೋಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿ ಕಲೆಯಾಗಿ ಅಕ್ಷರದ ಮೇಲೆ ಕೂಡುತ್ತದೆ. ಹರಿದ ತುಂಡುಗಳನ್ನು ಅಂಟಿಸದೆ ಒಂದೇ ಮಡಿಕೆಯ ಬಿಳಿ ಕಾಗದದೊಳಗೆ ಇಟ್ಟರೆ ಸಾಕು, ಕೂಡಿಸುವ ಕೆಲಸ ಬಲ್ಲವರು ಮುಂದೆ ಮಾಡಲಿ.

ಗಟ್ಟಿಯಾದ ಮಡಿಕೆ ಬಿಡಿಸಲು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಸಾಕು. ತಳದಲ್ಲಿ ಹಿಂಡಿದ ಒದ್ದೆ ಬಟ್ಟೆ, ಅದರ ಮೇಲೆ ನೀರು ತಾಗದಷ್ಟು ಎತ್ತರಕ್ಕೆ ಜಾಳಿಗೆ, ಜಾಳಿಗೆಯ ಮೇಲೆ ಕಾಗದ. ಮುಚ್ಚಿ ಅರ್ಧ ಗಂಟೆಗೊಮ್ಮೆ ನೋಡಬೇಕು. ತಾನಾಗಿ ಮೆತ್ತಗಾದೊಡನೆ ತೆಗೆದು ಬಿಡಿಸಿ, ಎರಡು ಬ್ಲಾಟಿಂಗ್ ಕಾಗದದ ನಡುವೆ ಸಮನಾದ ಭಾರ ಹೇರಿ ಒಣಗಿಸಬೇಕು. ರಾತ್ರಿಯೆಲ್ಲ ಡಬ್ಬಿಯಲ್ಲಿ ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಇದಕ್ಕೂ ಮೊದಲು ಒಂದು ಪರೀಕ್ಷೆ ಕಡ್ಡಾಯ: ಒದ್ದೆ ಮಾಡಿ ಹಿಂಡಿದ ಹತ್ತಿಯ ತುದಿಯನ್ನು ಒಂದು ಅಕ್ಷರದ ಕೊನೆಗೆ ಮುಟ್ಟಿಸಿ ನೋಡಿ. ಬಣ್ಣ ಬಂದರೆ ತೇವದ ಸಹವಾಸವೇ ಬೇಡ. ವ್ಯಾಪಾರಸ್ಥರ ಕಿರ್ದಿಯಲ್ಲಿ ಮೊದಲ ಪುಟಕ್ಕೆ ದೀಪಾವಳಿ ಪೂಜೆಯ ಅರಿಷಿಣ ಕುಂಕುಮ ಹಚ್ಚಿರುತ್ತಾರೆ. ಸ್ವಲ್ಪ ತೇವ ಸಿಕ್ಕರೂ ಆ ಕುಂಕುಮ ಮುಂದಿನ ನಾಲ್ಕಾರು ಹಾಳೆಗೆ ಇಳಿಯುತ್ತದೆ. ಬಟ್ಟೆಯ ಮೇಲೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಹಚ್ಚಿ ಬಳಪದಿಂದ ಬರೆದ ಕಡತಗಳನ್ನು ಒರೆಸಲೇಬಾರದು, ಒರೆಸಿದರೆ ಬರವಣಿಗೆಯೇ ಹೋಗುತ್ತದೆ.

ವಿಜಯಪುರದ ಒಣ ಹವೆ ಕಾಗದಕ್ಕೆ ಒಳ್ಳೆಯದು, ಇಲ್ಲಿ ವೈರಿ ಗೆದ್ದಲು ಮತ್ತು ಧೂಳು. ಬೆಳಗಾವಿ, ಖಾನಾಪುರದ ಕಡೆ ಮಳೆಗಾಲದ ತೇವವೇ ವೈರಿ. ಎರಡೂ ಕಡೆ ಟ್ರಂಕನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಇಟ್ಟಿಗೆಯ ಮೇಲೆ ಇಡಿ. ಗಂಜಿಯಿಲ್ಲದ ತೊಳೆದ ಕೋರಾ ಬಟ್ಟೆಯಲ್ಲಿ ಸುತ್ತಿರಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ. ಒಣಗಿಸಿದ ಬೇವಿನೆಲೆಯನ್ನು ಚಿಕ್ಕ ಬಟ್ಟೆಯ ಪೊಟ್ಟಣ ಕಟ್ಟಿ ಮೂಲೆಯಲ್ಲಿಡಿ, ಹಾಳೆಗಳ ನಡುವೆ ಸೇರಿಸಿದರೆ ಕಲೆಯಾಗುತ್ತದೆ. ಹೊಲಕ್ಕೆ ಹೊಡೆಯುವ ಪುಡಿಯನ್ನು ಟ್ರಂಕಿಗೆ ಹಾಕಬೇಡಿ, ನಾಳೆ ಓದುವವರ ಉಸಿರಿಗೆ ಅದು ವಿಷ.

ಮೊಬೈಲಿನಲ್ಲಿ ಫೋಟೋ ತೆಗೆಯುವವರು ಫ್ಲ್ಯಾಶ್ ಬಿಟ್ಟು, ಕಿಟಕಿಯ ಬೆಳಕಿನಲ್ಲಿ, ಪಕ್ಕಕ್ಕೊಂದು ಸ್ಕೇಲ್ ಇಟ್ಟು ತೆಗೆಯಲಿ. ಖಾಲಿಯೆಂದು ಕಂಡರೂ ಹಿಂಬದಿಯ ಚಿತ್ರ ಬೇಕು. ಕಾಲ ಗುರುತಿಸಲು ಒಂದು ಸುಲಭ ಲೆಕ್ಕ: ಶಕೆಗೆ 78, ಕಂದಾಯ ಲೆಕ್ಕದ ಫಸಲಿ ವರ್ಷಕ್ಕೆ 590, ಹಳೆ ಮೋಡಿ ಕಾಗದದ ಸುಹೂರ್ ಸನ್ನಿಗೆ 599 ಕೂಡಿಸಿದರೆ ಇಸವಿ ಸಿಗುತ್ತದೆ, ತಿಂಗಳಿನ ಮೇಲೆ ಒಂದು ವರ್ಷ ಹೆಚ್ಚಾಗಬಹುದು.

ಇಟ್ಟುಕೊಳ್ಳಲು ಆಗದವರು ರದ್ದಿಯವನಿಗೆ ಕೊಡುವ ಮೊದಲು ರಾಜ್ಯ ಪತ್ರಾಗಾರ ಇಲಾಖೆ, ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇವುಗಳಲ್ಲಿ ವಿಚಾರಿಸಲಿ. ಮೂಲ ಕೊಡಲು ಮನಸ್ಸಿಲ್ಲದಿದ್ದರೆ ಚಿತ್ರವನ್ನಾದರೂ ಕೊಡಲಿ. ಕಾಲೇಜುಗಳಲ್ಲಿ ಇತಿಹಾಸ, ಕನ್ನಡ ಎಂ.ಎ. ಓದುವ ಮಕ್ಕಳಿಗೆ ಮೋಡಿ ಲಿಪಿ ಕಲಿಸುವ ಒಂದು ತರಗತಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ಮೂರೂ ಜಿಲ್ಲೆಗಳಲ್ಲಿ ಬೇಕೇಬೇಕು. ಕಾಗದ ಉಳಿದರೂ ಓದುವವರಿಲ್ಲದಿದ್ದರೆ ಪ್ರಯೋಜನವಿಲ್ಲ.

ನಿಮ್ಮ ಪತ್ರಿಕೆಗೆ ನಮ್ಮ ಬೇಡಿಕೆ ಇಷ್ಟೇ. ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ಒಂದು ಹಳೆಯ ಮನೆ ಕಾಗದದ ಚಿತ್ರ, ಅದರ ಓದು, ಅರ್ಥ, ಇಸವಿ ಹಾಕಿರಿ. ಸಾಲದ ಪತ್ರವಾದರೆ ಮನೆತನದ ಹೆಸರು ಮರೆಮಾಡಿ. ಹರಿದ ಕಡೆ ಚೌಕ ಆವರಣ, ಅನುಮಾನದ ಕಡೆ ಚುಕ್ಕೆ ಇರಲಿ. ಮೊದಲ ಕೆಲವು ವಾರಗಳಿಗೆ ಬೇಕಾದ ಕಾಗದಗಳನ್ನೂ ಅವುಗಳ ಓದನ್ನೂ ನಾವೇ ಸಿದ್ಧಪಡಿಸಿ ಕಳಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹಳೆಯ ಕಾಗದಪತ್ರಗಳ ಓದುಗ ಬಳಗದವರು, ವಿಜಯಪುರ